‘ವಾಕಿಂಗ್ ಮಾಡಿ’ ಎನ್ನುವುದನ್ನೂ ಕಲಿಯಬೇಕು

ಯಾವುದೇ ತಾಲ್ಲೂಕು ಆಸ್ಪತ್ರೆಯ ಬಿ.ಪಿ., ಶುಗರ್ ವಿಭಾಗದ ಮುಂದೆ ಬೆಳಿಗ್ಗೆ ಹೋಗಿ ನಿಂತರೆ ಸಾಲು ಬಾಗಿಲಾಚೆಗೂ ಬೆಳೆದಿರುತ್ತದೆ. ಕೈಯಲ್ಲಿ ಮಡಚಿ ಮಡಚಿ ಹರಿದ ಚೀಟಿ, ಪ್ಲಾಸ್ಟಿಕ್ ಕವರಿನಲ್ಲಿ ಖಾಲಿಯಾದ ಮಾತ್ರೆ ಪಟ್ಟಿ. ಒಳಗೆ ಹೋದವರು ಎರಡು ಮೂರು ನಿಮಿಷಕ್ಕೆಲ್ಲ ಹೊರಗೆ ಬಂದುಬಿಡುತ್ತಾರೆ. ಅಷ್ಟರೊಳಗೆ ರಕ್ತದೊತ್ತಡ ನೋಡಿ, ಶುಗರ್ ರಿಪೋರ್ಟ್ ನೋಡಿ, ಮಾತ್ರೆ ಬರೆದು ಆಗಿರುತ್ತದೆ. ಎದ್ದು ಹೊರಡುವ ಹೊತ್ತಿಗೆ ಬೆನ್ನ ಹಿಂದಿನಿಂದ ಮೂರು ಮಾತು: ‘ಉಪ್ಪು ಕಡಿಮೆ ಮಾಡಿ, ಅನ್ನ ಕಡಿಮೆ ಮಾಡಿ, ವಾಕಿಂಗ್ ಮಾಡಿ.’

ಬರೆದುಕೊಟ್ಟ ಮಾತ್ರೆಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕವಿದೆ. ಊಟಕ್ಕೆ ಮುಂಚೆಯೋ ನಂತರವೋ ಎಂಬುದಿದೆ. ಮುಂದಿನ ತಿಂಗಳು ನೋಡಿ ಹೆಚ್ಚಿಸುವ, ತಗ್ಗಿಸುವ ಕ್ರಮವಿದೆ. ವಾಕಿಂಗ್‌ಗೆ ಇದ್ಯಾವುದೂ ಇಲ್ಲ. ಎಷ್ಟು ಹೊತ್ತು, ಯಾವ ವೇಗದಲ್ಲಿ, ಮಂಡಿ ನೋವಿನವರು ಏನು ಮಾಡಬೇಕು, ಬೆಳಿಗ್ಗೆ ಐದಕ್ಕೆದ್ದು ಹಾಲು ಕರೆದು ಡೇರಿಗೆ ಹಾಕಿ ಬಂದ ಹೆಂಗಸು ಮತ್ತೆ ಯಾವಾಗ ನಡೆಯಬೇಕು ಎಂದು ಯಾರೂ ಹೇಳುವುದಿಲ್ಲ. ಮುಂದಿನ ಸಲ ಬಂದಾಗ ‘ನಡೆದಿರಾ?’ ಎಂದು ಕೇಳುವವರೂ ಕಡಿಮೆ.

ವೈದ್ಯರಿಗೆ ಮನಸ್ಸಿಲ್ಲವೆಂದು ನಾನು ಹೇಳುತ್ತಿಲ್ಲ. ಎಂಬಿಬಿಎಸ್‌ನಲ್ಲಿ ಔಷಧಶಾಸ್ತ್ರ ಒಂದು ಇಡೀ ವಿಷಯ. ಅದಕ್ಕೆ ಪಠ್ಯ, ಪರೀಕ್ಷೆ, ವೈವಾ ಎಲ್ಲ ಉಂಟು. ರೋಗಿಯ ಊಟ, ನಡಿಗೆ, ನಿದ್ದೆಗಳನ್ನು ಹೇಗೆ ವಿಚಾರಿಸಬೇಕು, ಹೇಗೆ ಬರೆದುಕೊಡಬೇಕು, ಹೇಗೆ ಬೆನ್ನು ಹತ್ತಬೇಕು ಎನ್ನುವುದಕ್ಕೆ ಅಂಥ ಜಾಗ ಸಿಕ್ಕಿಲ್ಲ. ಕಲಿಸದೇ ಇದ್ದದ್ದನ್ನು ಎರಡು ನಿಮಿಷದಲ್ಲಿ ಮಾಡಿ ತೋರಿಸಿ ಎಂದು ಕೇಳುವುದು ನ್ಯಾಯವಲ್ಲ. ಈ ಕೊರತೆಯನ್ನು ತುಂಬಲೆಂದೇ ಹೊರದೇಶಗಳಲ್ಲಿ ವೈದ್ಯರು, ದಾದಿಯರು, ಆಹಾರ ತಜ್ಞರು, ಫಿಸಿಯೋಥೆರಪಿಸ್ಟರಿಗಾಗಿ ಸ್ನಾತಕೋತ್ತರ ಕೋರ್ಸುಗಳು ಹುಟ್ಟಿಕೊಂಡಿವೆ. ಲೈಫ್‌ಸ್ಟೈಲ್ ಮೆಡಿಸಿನ್, ಅಂದರೆ ಜೀವನಶೈಲಿ ವೈದ್ಯಶಾಸ್ತ್ರ ಎಂದು ಅದಕ್ಕೆ ಹೆಸರು. ಆಹಾರ, ದೈಹಿಕ ಚಟುವಟಿಕೆ, ನಿದ್ದೆ, ಮಾನಸಿಕ ಒತ್ತಡದ ನಿರ್ವಹಣೆ, ತಂಬಾಕು ಮದ್ಯಗಳಿಂದ ಬಿಡುಗಡೆ, ಜನರೊಂದಿಗಿನ ಒಡನಾಟ ಎಂಬ ಆರು ವಿಷಯಗಳ ಸುತ್ತ ಅದರ ಪಾಠಗಳು ನಡೆಯುತ್ತವೆ.

‘ಇದರಲ್ಲಿ ಕಲಿಯುವುದೇನಿದೆ, ಅಜ್ಜಿಯೂ ಇದನ್ನೇ ಹೇಳುತ್ತಿದ್ದಳಲ್ಲ’ ಎಂದು ಅನೇಕರಿಗೆ ಅನ್ನಿಸುತ್ತದೆ. ಅದಕ್ಕೆ ಉತ್ತರ ಅಮೆರಿಕದ ಒಂದು ಅಧ್ಯಯನದಲ್ಲಿದೆ. ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಆ ಅಧ್ಯಯನದ ಫಲಿತಾಂಶ ಪ್ರಕಟವಾದದ್ದು 2002ರಲ್ಲಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಮಂದಿಯನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಬರೀ ಹುಸಿ ಮಾತ್ರೆ, ಮೂರನೆಯದಕ್ಕೆ ಜೀವನಶೈಲಿಯ ತರಬೇತಿ. ಸುಮಾರು ಮೂರು ವರ್ಷದ ಕೊನೆಗೆ ನೋಡಿದರೆ, ಹುಸಿ ಮಾತ್ರೆಯವರಿಗೆ ಹೋಲಿಸಿದಾಗ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ ಶೇ 31ರಷ್ಟು ಕಡಿಮೆಯಾಗಿತ್ತು. ತರಬೇತಿ ಪಡೆದವರಲ್ಲಿ ಶೇ 58ರಷ್ಟು.

ಈ 58ರ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ಒಂದು ಸಂಗತಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಹುಸಿ ಮಾತ್ರೆಯ ಗುಂಪಿಗೂ ‘ಚೆನ್ನಾಗಿ ಊಟ ಮಾಡಿ, ತೂಕ ಇಳಿಸಿ, ನಡೆಯಿರಿ’ ಎಂದು ಹೇಳಿದ್ದರು. ಕೈಗೆ ಮುದ್ರಿತ ಮಾಹಿತಿ ಕೊಟ್ಟಿದ್ದರು, ವರ್ಷಕ್ಕೊಮ್ಮೆ ಇಪ್ಪತ್ತು ಮೂವತ್ತು ನಿಮಿಷ ಕೂರಿಸಿ ಮಾತನಾಡಿದ್ದರು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವುದಕ್ಕಿಂತ ಅದು ಎಷ್ಟೋ ಹೆಚ್ಚಿನ ಸಲಹೆ. ಮೂರನೆಯ ಗುಂಪಿನವರಿಗೆ ಸಿಕ್ಕಿದ್ದೇ ಬೇರೆ. ಮೊದಲ 24 ವಾರಗಳಲ್ಲಿ 16 ಪಾಠ, ಪ್ರತಿಯೊಬ್ಬರಿಗೂ ಒಬ್ಬ ತರಬೇತುದಾರರು, ಶೇ 7ರಷ್ಟು ತೂಕ ಇಳಿಸುವ ಗುರಿ, ವಾರಕ್ಕೆ 150 ನಿಮಿಷದ ನಡಿಗೆ, ತಿಂದದ್ದನ್ನು ನಡೆದದ್ದನ್ನು ಬರೆದಿಡುವ ಅಭ್ಯಾಸ, ಆಮೇಲೂ ಬಿಡದೆ ಭೇಟಿ. ಹೇಳಿದ ವಿಷಯ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಷ್ಟೊಂದು ಅಂತರ ತಂದದ್ದು ಅದನ್ನು ಕೊಟ್ಟ ರೀತಿ. ಕೊಡುವ ರೀತಿಯನ್ನು ಕಲಿಯಬಹುದು, ಕಲಿಸಬಹುದು, ಪರೀಕ್ಷೆಯನ್ನೂ ಮಾಡಬಹುದು. ಈ ಶಾಸ್ತ್ರಕ್ಕೆ ಒಂದು ತರಗತಿ ಬೇಕು ಎಂದು ನಾನು ನಂಬಿರುವುದು ಇದೇ ಕಾರಣಕ್ಕೆ.

ಅಮೆರಿಕದವರ ಮೈಕಟ್ಟು ಬೇರೆ, ನಮ್ಮದು ಬೇರೆ ಎನ್ನುವವರಿಗೆ ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನವಿದೆ. 531 ಮಂದಿಯ ಮೇಲೆ ನಡೆದ ಅದರಲ್ಲಿ ಜೀವನಶೈಲಿ ಬದಲಾವಣೆಯಿಂದ ಶೇ 28.5ರಷ್ಟು, ಮೆಟ್‌ಫಾರ್ಮಿನ್‌ನಿಂದ ಶೇ 26.4ರಷ್ಟು ಅಪಾಯ ತಗ್ಗಿತು. ಎರಡನ್ನೂ ಸೇರಿಸಿ ಕೊಟ್ಟರೂ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನಮ್ಮವರಲ್ಲಿ ಫಲ ಅಮೆರಿಕದಷ್ಟು ದೊಡ್ಡದಲ್ಲ, ನಿಜ. ಆದರೂ ಮಾತ್ರೆಗೆ ಸರಿಸಮವಾಗಿ ನಿಂತಿತು. 2023ರಲ್ಲಿ ಹೊರಬಂದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿರುವವರು 13.6 ಕೋಟಿ. ಆ ಎರಡನೆಯ ಅಂಕಿಯನ್ನು ಎದುರಿಗಿಟ್ಟುಕೊಂಡು ಯೋಚಿಸಿದರೆ ಶೇ 28 ಎಂಬುದರ ಬೆಲೆ ಗೊತ್ತಾಗುತ್ತದೆ.

ಈಗ ಕೋರ್ಸುಗಳ ವಿಷಯ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರಕ್ಕೆ ಲಿಸ್ಮೋರ್ ಎಂಬ ಊರಿದೆ. ಅಲ್ಲಿರುವ ಸದರ್ನ್ ಕ್ರಾಸ್ ವಿಶ್ವವಿದ್ಯಾಲಯ ಈ ವಿಷಯವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸಲು ಮುಂದಾದ ಸಂಸ್ಥೆಗಳಲ್ಲೊಂದು. ಅದರ ಹಿಂದೆ ಇದ್ದವರಲ್ಲಿ ಪ್ರಮುಖರು ಗ್ಯಾರಿ ಎಗರ್. 1990ರ ದಶಕದ ಆರಂಭದಲ್ಲಿ ಗಂಡಸರ ಹೊಟ್ಟೆ ಕರಗಿಸುವುದಕ್ಕೆಂದೇ ‘ಗಟ್‌ಬಸ್ಟರ್ಸ್’ ಎಂಬ ಕಾರ್ಯಕ್ರಮ ಕಟ್ಟಿದವರು ಅವರು. ತೂಕದ ಯಂತ್ರಕ್ಕಿಂತ ಸೊಂಟದ ಸುತ್ತಳತೆಯ ಟೇಪನ್ನು ಹೆಚ್ಚು ನಂಬಿದವರು. 2008ರಲ್ಲಿ ಜೊತೆಗಾರರೊಂದಿಗೆ ಬರೆದ ಪಠ್ಯಪುಸ್ತಕ ಈ ವಿಷಯಕ್ಕೆ ಒಂದು ಚೌಕಟ್ಟು ಕೊಟ್ಟಿತು. ಜೇಮ್ಸ್ ಕುಕ್, ಅವೊಂಡೇಲ್ ವಿಶ್ವವಿದ್ಯಾಲಯಗಳೂ ಮುಂದೆ ಇದೇ ಹಾದಿ ಹಿಡಿದವು. ಅಮೆರಿಕದಲ್ಲಿ 2004ರಲ್ಲಿ ಈ ಶಾಸ್ತ್ರದ ವೈದ್ಯರ ಸಂಘ ಹುಟ್ಟಿ, 2017ರಲ್ಲಿ ಮೊದಲ ಪ್ರಮಾಣಪತ್ರ ಪರೀಕ್ಷೆ ನಡೆಯಿತು. ಬ್ರಿಟನ್ನಿನ ಸಂಘ ಹುಟ್ಟಿದ್ದು 2016ರಲ್ಲಿ.

ಆಸ್ಟ್ರೇಲಿಯಾದ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಅದರ ಮೆಟ್ಟಿಲುಗಳು. ಮೊದಲು ಗ್ರಾಜುಯೇಟ್ ಸರ್ಟಿಫಿಕೇಟ್, ಅದರ ಮೇಲೆ ಡಿಪ್ಲೊಮಾ, ಇನ್ನೂ ಓದುವ ಮನಸ್ಸಿದ್ದರೆ ಮಾಸ್ಟರ್ಸ್. ಮೊದಲ ಮೆಟ್ಟಿಲಿಗೇ ನಿಂತರೂ ಓದಿದ್ದು ವ್ಯರ್ಥವಾಗುವುದಿಲ್ಲ. ಕ್ಲಿನಿಕ್ ಮುಚ್ಚದೆ, ಕೆಲಸ ಬಿಡದೆ, ಸಂಜೆ ಮನೆಯಲ್ಲಿ ಕೂತು ದೂರಶಿಕ್ಷಣದಲ್ಲಿ ಓದಬಹುದು. ಇನ್ನೊಂದು ವಿಶೇಷವೆಂದರೆ ಒಂದೇ ತರಗತಿಯಲ್ಲಿ ವೈದ್ಯರೂ ದಾದಿಯರೂ ಆಹಾರ ತಜ್ಞರೂ ವ್ಯಾಯಾಮ ತಜ್ಞರೂ ಇರುತ್ತಾರೆ. ಅಲ್ಲಿನ ಮೆಡಿಕೇರ್ ವ್ಯವಸ್ಥೆಯಲ್ಲಿ ದೀರ್ಘಕಾಲದ ಕಾಯಿಲೆ ಇರುವವರಿಗೆ ಕುಟುಂಬ ವೈದ್ಯರು ಬರೆದುಕೊಟ್ಟರೆ ವರ್ಷಕ್ಕೆ ಐದು ಸಲ ಆಹಾರ ತಜ್ಞರು, ಫಿಸಿಯೋ ಮುಂತಾದವರ ಭೇಟಿಗೆ ಸರ್ಕಾರದ ಹಣ ಸಿಗುತ್ತದೆ. ಹೀಗೆ ಕಲಿತದ್ದನ್ನು ಮಾಡಲು ಒಂದು ದಾರಿಯೂ ಇದೆ, ಸಂಬಳವೂ ಇದೆ. ಇದಿಲ್ಲದಿದ್ದರೆ ಎಷ್ಟು ಒಳ್ಳೆಯ ಕೋರ್ಸಾದರೂ ಗೋಡೆಯ ಮೇಲಿನ ಸರ್ಟಿಫಿಕೇಟಾಗಿ ಉಳಿದುಬಿಡುತ್ತದೆ.

ಪಾಠ ಹೇಗಿರುತ್ತದೆ ಎಂಬುದನ್ನು ನಮ್ಮದೇ ಊರಿನ ಊಹೆಯ ರೋಗಿಯೊಬ್ಬರ ಮೂಲಕ ನೋಡೋಣ. ವಯಸ್ಸು 48, ಸಾರಿಗೆ ಬಸ್ಸಿನ ಚಾಲಕ, ಮೂರು ವರ್ಷದಿಂದ ಸಕ್ಕರೆ ಕಾಯಿಲೆ. ಚಾಲಕರೇ ಯಾಕೆಂದರೆ, ಚಟುವಟಿಕೆಗೂ ಹೃದಯಕ್ಕೂ ಇರುವ ನಂಟನ್ನು ವಿಜ್ಞಾನ ಮೊದಲು ಸ್ಪಷ್ಟವಾಗಿ ಕಂಡದ್ದು ಬಸ್ಸಿನಲ್ಲೇ. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ದಿನವಿಡೀ ಕೂತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ ಎಂದು ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ತೋರಿಸಿದ್ದರು.

ನಮ್ಮ ಚಾಲಕರು ಉಪಕೇಂದ್ರದ ದಾದಿಯ ಮುಂದೆ ಕೂತು, ‘ವಾಕಿಂಗ್ ಎಲ್ ಮಾಡಾಣ ಸಿಸ್ಟರ್, ವಾರದಲ್ಲಿ ಮೂರು ನೈಟ್ ಔಟ್ ಇರುತ್ತೆ’ ಎನ್ನುತ್ತಾರೆ. ಕಲಿಯದವರ ಬಾಯಿಂದ ತಕ್ಷಣ ಬರುವ ಮಾತು, ‘ಹೆಂಗಾದ್ರೂ ಟೈಮ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಕಿಡ್ನಿ ಹೋಗುತ್ತೆ ನೋಡಿ.’ ಅಲ್ಲಿಗೆ ಮಾತು ಮುಗಿಯಿತು. ಮುಂದಿನ ತಿಂಗಳು ಅವರು ಬರದೆಯೂ ಇರಬಹುದು. ಕಲಿತವರು ಬೇರೆ ಕಡೆಯಿಂದ ಶುರುಮಾಡುತ್ತಾರೆ. ‘ನೈಟ್ ಔಟ್ ದಿನ ಊಟ, ಟೀ, ನಿದ್ದೆ ಎಲ್ಲ ಹೆಂಗಣ್ಣಾ? ನಿನ್ನೆದು ಒಂದ್ ದಿನದ್ದು ಹೇಳಿ.’ ಆಗ ಒಂದೊಂದೇ ಹೊರಗೆ ಬರುತ್ತದೆ. ಡಿಪೋದಲ್ಲಿ ಒಂದು ಟೀ, ದಾರಿಯಲ್ಲಿ ನಿಂತಲ್ಲೆಲ್ಲ ಒಂದೊಂದು, ಒಟ್ಟು ಆರು. ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಹನ್ನೊಂದಕ್ಕೆ ಚಿತ್ರಾನ್ನ, ಮೂರಕ್ಕೆ ಅನ್ನ ಸಾರು, ರಾತ್ರಿ ಹತ್ತೂವರೆಗೆ ಮತ್ತೆ ಅನ್ನ. ಟೀಯಲ್ಲೇ ಸುಮಾರು 50 ಗ್ರಾಂ ಸಕ್ಕರೆ ಹೋಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಹಾಕಿರುವ ಮೇಲ್ಮಿತಿಯೇ ಹೆಚ್ಚುಕಡಿಮೆ ಅಷ್ಟು. ‘ಅನ್ನ ಕಡಿಮೆ ಮಾಡಿ’ ಎಂಬ ಒಂದು ಮಾತಿನಲ್ಲಿ ಈ ಟೀ ಸಿಕ್ಕಿಬೀಳುತ್ತಲೇ ಇರಲಿಲ್ಲ.

‘ಇದರಲ್ಲಿ ಯಾವ್ದನ್ನ ಬದಲಾಯಿಸೋದು ನಿಮಗೆ ಸಲೀಸು ಅನ್ಸುತ್ತೆ?’

‘ಟೀಗೆ ಸಕ್ಕರೆ ಬಿಡ್ಬೋದು ಸಿಸ್ಟರ್. ಡಿಪೋ ಹತ್ರದೋನು ನಮ್ಮೋನೇ, ಹೇಳಿದ್ರೆ ಬೇರೆ ಮಾಡ್ಕೊಡ್ತಾನೆ.’

‘ಮಾಡೇ ಮಾಡ್ತೀನಿ ಅಂತ ಹತ್ತಕ್ಕೆ ಎಷ್ಟು ನಂಬಿಕೆ ಇದೆ?’

‘ಏಳು.’

‘ಯಾಕೆ ನಾಲ್ಕಲ್ಲ, ಏಳು?’

ಕೊನೆಯ ಪ್ರಶ್ನೆಯಲ್ಲಿದೆ ಕಸುಬು. ‘ಯಾಕೆ ಹತ್ತಲ್ಲ?’ ಎಂದು ಕೇಳಿದ್ದರೆ ಅವರು ತಮ್ಮ ಕಷ್ಟಗಳ ಪಟ್ಟಿ ಕೊಡುತ್ತಿದ್ದರು. ‘ಯಾಕೆ ನಾಲ್ಕಲ್ಲ?’ ಎಂದಾಗ ತಾವು ಬದಲಾಗಲು ಇರುವ ಕಾರಣಗಳನ್ನು ತಾವೇ ಹೇಳತೊಡಗುತ್ತಾರೆ: ಅಪ್ಪನ ಕಾಲು ಕತ್ತರಿಸಬೇಕಾಗಿ ಬಂದದ್ದು, ಮಗಳ ಓದು, ಲೈಸೆನ್ಸ್ ನವೀಕರಣದ ವೈದ್ಯಕೀಯ ತಪಾಸಣೆ. ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂಬ ಈ ವಿಧಾನವನ್ನು ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ, ಕುಡಿತ ಬಿಡಿಸುವ ಕೆಲಸದ ನಡುವೆ ಮೊದಲು ವಿವರಿಸಿದರು. ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದರು. ಇದನ್ನು ಪುಸ್ತಕ ಓದಿ ಕಲಿಯಲಾಗದು. ಸಹಪಾಠಿಯನ್ನು ರೋಗಿಯಾಗಿಸಿ ಕೂರಿಸಿ, ಮಾತನ್ನು ರೆಕಾರ್ಡ್ ಮಾಡಿ, ಎಲ್ಲಿ ಉಪದೇಶ ಶುರುವಾಯಿತು, ಎಲ್ಲಿ ರೋಗಿಯ ಮಾತನ್ನು ಅರ್ಧಕ್ಕೆ ಕತ್ತರಿಸಿದೆವು ಎಂದು ಗುರುಗಳೊಂದಿಗೆ ಕೂತು ಕೇಳಿಸಿಕೊಳ್ಳಬೇಕು.

ನಡಿಗೆಯನ್ನು ಬರೆದುಕೊಡುವುದಕ್ಕೂ ಕ್ರಮವಿದೆ: ವಾರಕ್ಕೆ ಎಷ್ಟು ದಿನ, ಎಷ್ಟು ಬಿರುಸು, ಎಷ್ಟು ಹೊತ್ತು, ಯಾವ ಬಗೆ. ಬಿರುಸನ್ನು ಅಳೆಯಲು ಯಂತ್ರವೇನೂ ಬೇಕಿಲ್ಲ. ನಡೆಯುವಾಗ ಮಾತಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ಅದು ಸರಿಯಾದ ವೇಗ. ನಮ್ಮ ಚಾಲಕರಿಗೆ ಬಸ್ಸು ನಿಲ್ದಾಣದಲ್ಲಿ ನಿಂತಾಗ ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಸಲ ಎಂದು ಬರೆದುಕೊಡಬಹುದು. ಅವರ ನಿದ್ದೆಯನ್ನೂ ವಿಚಾರಿಸಬೇಕು. ಜೋರಾಗಿ ಗೊರಕೆ ಹೊಡೆಯುತ್ತಾರೆಯೇ, ಹಗಲು ತೂಕಡಿಕೆ ಬರುತ್ತದೆಯೇ, ಕತ್ತಿನ ಸುತ್ತಳತೆ ಎಷ್ಟು? ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯನ್ನು ಗುರುತಿಸಲು ಎಂಟು ಪ್ರಶ್ನೆಗಳ ಒಂದು ಸರಳ ಪಟ್ಟಿ ಇದೆ. ಸ್ಟೇರಿಂಗ್ ಹಿಡಿದವರಲ್ಲಿ ಇದನ್ನು ಕೇಳದೆ ಬಿಟ್ಟರೆ ಅಪಾಯ ಅವರೊಬ್ಬರದೇ ಆಗಿರುವುದಿಲ್ಲ.

ಊಟದ ವಿಷಯದಲ್ಲಿ ನಮ್ಮಲ್ಲಿ ಬೇರೂರಿರುವ ಒಂದು ನಂಬಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅನ್ನ ಬಿಟ್ಟು ಮುದ್ದೆಗೆ ಬಂದರೆ ಶುಗರ್ ತಾನಾಗಿ ಇಳಿಯುತ್ತದೆ ಎಂದು ಹಳೇ ಮೈಸೂರು ಸೀಮೆಯಲ್ಲಿ ಎಲ್ಲರೂ ನಂಬಿದ್ದಾರೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶವೂ ಹೆಚ್ಚು, ನಿಜ. ಆದರೆ ರಾಗಿಯಲ್ಲಿರುವುದೂ ಮುಖ್ಯವಾಗಿ ಪಿಷ್ಟವೇ. ಎರಡು ದೊಡ್ಡ ಮುದ್ದೆ ಉಂಡು ಮೇಲೆ ಒಂದು ಸೌಟು ಅನ್ನವನ್ನೂ ಹಾಕಿಕೊಂಡರೆ ಶುಗರ್ ಏರಿಯೇ ಏರುತ್ತದೆ. ಭಾರತೀಯರ ದಿನದ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ. ಹಾಗಾಗಿ ಮುದ್ದೆಯ ಗಾತ್ರ ಕಿರಿದು ಮಾಡಿ, ಸಾರಿನಲ್ಲಿ ಹುರುಳಿಯೋ ಅವರೆಯೋ ಸೊಪ್ಪೋ ಮೊಟ್ಟೆಯೋ ಹೆಚ್ಚಿಸುವ ಲೆಕ್ಕವನ್ನು ರೋಗಿಯ ತಟ್ಟೆಯ ಮೇಲೇ ಮಾಡಿ ತೋರಿಸಬೇಕು. ವಿದೇಶಿ ಪಠ್ಯದಲ್ಲಿರುವ ಓಟ್ಸ್, ಬ್ರಾಕೊಲಿ, ಆಲಿವ್ ಎಣ್ಣೆ ಚನ್ನರಾಯಪಟ್ಟಣದ ಸಂತೆಯಲ್ಲಿ ಕೆಲಸಕ್ಕೆ ಬಾರವು.

ಔಷಧ ತಗ್ಗಿಸುವ ಪಾಠಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ನಮ್ಮ ಚಾಲಕರು ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಹೇಳಿದ ಮಾತು ಕೇಳಿ ಸಕ್ಕರೆ ಬಿಟ್ಟರು, ಅನ್ನ ಅರ್ಧ ಮಾಡಿದರು, ನಡೆಯತೊಡಗಿದರು. ಮಾತ್ರೆಯ ಪ್ರಮಾಣ ಮಾತ್ರ ಹಳೆಯದೇ. ಈಗ ಶುಗರ್ ಥಟ್ಟನೆ ಕುಸಿದು, ಕೈ ನಡುಗಿ, ಕಣ್ಣು ಕತ್ತಲಿಟ್ಟುಕೊಂಡು ಬರುವುದು ಐವತ್ತು ಪ್ರಯಾಣಿಕರಿರುವ ಬಸ್ಸಿನಲ್ಲಿ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್ ಪ್ರದೇಶದಲ್ಲಿ ನಡೆದ ‘ಡೈರೆಕ್ಟ್’ ಅಧ್ಯಯನದಲ್ಲಿ ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಥ್ಯ ಆರಂಭಿಸಿದ ದಿನವೇ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು, ಬಿ.ಪಿ. ಮಾತ್ರೆಗಳನ್ನು ವೈದ್ಯರ ನಿಗಾದಲ್ಲಿ ನಿಲ್ಲಿಸಿದ್ದು ಇಂಥ ಅಪಾಯ ತಪ್ಪಿಸಲಿಕ್ಕೇ. ಒಂದು ವರ್ಷದ ಕೊನೆಗೆ ಶೇ 46ರಷ್ಟು ಮಂದಿಯ ಶುಗರ್ ಔಷಧವಿಲ್ಲದೆ ಹತೋಟಿಗೆ ಬಂತು. 15 ಕಿಲೋ ಅಥವಾ ಹೆಚ್ಚು ತೂಕ ಇಳಿಸಿದವರಲ್ಲಂತೂ ಅದು ಶೇ 86. ಆ ಕೆಲಸವನ್ನು ಊರಿನ ಸಾಮಾನ್ಯ ಕ್ಲಿನಿಕ್ಕುಗಳಲ್ಲಿ ಮಾಡಿದವರು ತರಬೇತಿ ಪಡೆದ ದಾದಿಯರು ಮತ್ತು ಆಹಾರ ತಜ್ಞರು. ಅವರ ಬೆನ್ನಿಗೆ ವೈದ್ಯರಿದ್ದರು.

ಈ ಅಂಕಿಗಳನ್ನು ಹಿಡಿದು ‘ಮಾತ್ರೆ ಬಿಡಿ, ಮೂರೇ ವಾರದಲ್ಲಿ ಗುಣ’ ಎಂದು ಮೊಬೈಲಿನಲ್ಲಿ ಕೂಗುವವರು ನಮ್ಮ ನಡುವೆ ತುಂಬಿದ್ದಾರೆ. ಅವರಿಂದ ಆಗುತ್ತಿರುವ ಅನಾಹುತ ಸಣ್ಣದಲ್ಲ. ಡೈರೆಕ್ಟ್ ಅಧ್ಯಯನದಲ್ಲಿದ್ದವರು ಕಾಯಿಲೆ ಬಂದು ಆರು ವರ್ಷ ದಾಟದವರು, ಇನ್ಸುಲಿನ್ ತೆಗೆದುಕೊಳ್ಳದವರು. ಎರಡನೆಯ ವರ್ಷಕ್ಕೆ 46 ಎಂಬುದು 36ಕ್ಕೆ ಇಳಿದಿತ್ತು. ಟೈಪ್ 1 ಸಕ್ಕರೆ ಕಾಯಿಲೆಯ ಮಗು ಯಾವ ಪಥ್ಯಕ್ಕಾಗಿಯೂ, ಯಾರ ಮಾತಿಗಾಗಿಯೂ ಇನ್ಸುಲಿನ್ ಬಿಡುವಂತಿಲ್ಲ. ಬಿಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಕುತ್ತು. ಜೀವನಶೈಲಿ ವೈದ್ಯಶಾಸ್ತ್ರದ ಒಳ್ಳೆಯ ಕೋರ್ಸು ಮೊದಲು ಕಲಿಸುವುದು ಎಲ್ಲಿ ನಿಲ್ಲಬೇಕು, ಯಾರನ್ನು ಯಾರ ಬಳಿ ಕಳಿಸಬೇಕು ಎಂಬುದನ್ನು. ವಾರಾಂತ್ಯದ ಎರಡು ದಿನದಲ್ಲಿ ‘ತಜ್ಞ’ ಪಟ್ಟ ಕೊಡುವ ಕೋರ್ಸುಗಳಲ್ಲಿ ಈ ಪಾಠ ಇರುವುದಿಲ್ಲ.

ಈ ಶಾಸ್ತ್ರದ ಬಗ್ಗೆ ನನಗಿರುವ ಒಂದು ಅಳುಕನ್ನೂ ಹೇಳಬೇಕು. ‘ಜೀವನಶೈಲಿ’ ಎಂದೊಡನೆ ತಪ್ಪೆಲ್ಲ ರೋಗಿಯ ತಲೆಗೆ ಬರುತ್ತದೆ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು, ಎರಡು ಬಸ್ಸು ಬದಲಾಯಿಸಿ ಮನೆ ಸೇರಿ, ಅಡುಗೆ ಮಾಡುವ ಹೆಣ್ಣುಮಗಳು ಯಾವ ಶೈಲಿಯನ್ನು ಆರಿಸಿಕೊಂಡಿದ್ದಾಳೆ? ಪಡಿತರದಲ್ಲಿ ಹೆಚ್ಚಾಗಿ ಬರುವುದು ಅಕ್ಕಿಯೇ. 2022ರಲ್ಲಿ ದೇಶದ ವಯಸ್ಕ ಹೆಂಗಸರಲ್ಲಿ ಶೇ 57ರಷ್ಟು, ಗಂಡಸರಲ್ಲಿ ಶೇ 42ರಷ್ಟು ಮಂದಿಗೆ ಸಾಕಷ್ಟು ವ್ಯಾಯಾಮವಿರಲಿಲ್ಲ ಎಂದು ಅಂದಾಜಿಸಲಾಗಿದೆ. ಹೆಂಗಸರೆಲ್ಲ ಸೋಮಾರಿಗಳು ಎಂದು ಇದರಿಂದ ಯಾರೂ ತೀರ್ಮಾನಿಸಬಾರದು. ಅವರಿಗೆ ಹೊತ್ತೂ ಇಲ್ಲ, ಭಯವಿಲ್ಲದೆ ನಡೆಯುವ ರಸ್ತೆಯೂ ಇಲ್ಲ. ಎಗರ್ ಮತ್ತು ಬಾಯ್ಡ್ ಸ್ವಿನ್‌ಬರ್ನ್ 1990ರ ದಶಕದಲ್ಲೇ, ಬೊಜ್ಜನ್ನು ವ್ಯಕ್ತಿಯ ದೌರ್ಬಲ್ಯವೆಂದು ನೋಡುವುದನ್ನು ಬಿಟ್ಟು ಸುತ್ತಲಿನ ಪರಿಸರದ ಫಲವೆಂದು ನೋಡಿ ಎಂದು ವಾದಿಸಿದ್ದರು. ಈ ಪಾಠವಿಲ್ಲದ ಕೋರ್ಸು ರೋಗಿಯನ್ನು ಬೈಯುವವರನ್ನೇ ತಯಾರು ಮಾಡುತ್ತದೆ.

ಜೀವನಶೈಲಿಯ ಮೂಲಕ ಚಿಕಿತ್ಸೆ ಎಂಬ ದಾರಿ ಕರ್ನಾಟಕಕ್ಕೆ ಹೊಸದೇನಲ್ಲ. ಉಜಿರೆಯ ಎಸ್‌ಡಿಎಂ ಕಾಲೇಜು 1989ರಿಂದ ಪ್ರಕೃತಿ ಚಿಕಿತ್ಸೆ ಮತ್ತು ಯೋಗವನ್ನು ಪದವಿ ಮಟ್ಟದಲ್ಲಿ ಕಲಿಸುತ್ತಿದೆ. ಹೃದಯಾಘಾತಕ್ಕೆ ಕಾರಣವಾಗುವ ಅಪಾಯಗಳಲ್ಲಿ ಶೇ 90ರಷ್ಟನ್ನು ತಂಬಾಕು, ರಕ್ತದೊತ್ತಡ, ಆಹಾರ, ಮಾನಸಿಕ ಒತ್ತಡ ಮುಂತಾದ ಒಂಬತ್ತು ಅಂಶಗಳಿಂದಲೇ ವಿವರಿಸಬಹುದು ಎಂದು 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದ ಮೂಲಕ 2004ರಲ್ಲಿ ತೋರಿಸಿದ ಸಲೀಂ ಯೂಸುಫ್ ವೈದ್ಯರಾದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಮನೆಬಾಗಿಲಿಗೆ ಹೋಗಿ ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವಾರದ ವ್ಯಾಯಾಮ, ಮನೆತನದ ಕಾಯಿಲೆಗಳ ಪ್ರಶ್ನಾವಳಿ ತುಂಬುತ್ತಾರೆ. ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರನ್ನು ಮೊದಲು ತಪಾಸಣೆಗೆ ಕಳಿಸುತ್ತಾರೆ. ಸುಮಾರು ಐದು ಸಾವಿರ ಜನಕ್ಕೆ ಒಂದರಂತೆ ಇರುವ ಆರೋಗ್ಯ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಬಹುಪಾಲು ಬಿಎಸ್ಸಿ ನರ್ಸಿಂಗ್ ಓದಿದ ಹುಡುಗ ಹುಡುಗಿಯರು. ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯೂ ಮನೆಮನೆಯ ತಪಾಸಣೆಗೆ ಹೊರಟಿದೆ. ಕಾಯಿಲೆ ಪತ್ತೆಹಚ್ಚುವ ವ್ಯವಸ್ಥೆ ಇಷ್ಟರಮಟ್ಟಿಗೆ ಬೆಳೆದಿದೆ. ಪತ್ತೆಯಾದ ಮೇಲೆ ಮಾತ್ರೆಯ ಜೊತೆಗೆ ಕೊಡಬೇಕಾದ ಇನ್ನರ್ಧ ಚಿಕಿತ್ಸೆಯನ್ನು ಈ ಯುವಜನರಿಗೆ ಸರಿಯಾಗಿ ಕಲಿಸಿದವರಿಲ್ಲ.

ಜೀವನಶೈಲಿ ವೈದ್ಯಶಾಸ್ತ್ರಕ್ಕೆ ನಮ್ಮಲ್ಲಿ ಪ್ರತ್ಯೇಕ ಎಂ.ಡಿ. ಪದವಿಯಿಲ್ಲ. ನನ್ನ ಮಟ್ಟಿಗೆ ಅದರ ತುರ್ತೂ ಇಲ್ಲ. ಎಂ.ಡಿ. ತಂದರೆ ನಗರದ ದೊಡ್ಡ ಆಸ್ಪತ್ರೆಗಳಿಗೆ ಇನ್ನೊಂದು ವಿಭಾಗ, ಇನ್ನೊಂದು ಕನ್ಸಲ್ಟೇಷನ್ ಫೀಸು ಸೇರಿಕೊಳ್ಳುತ್ತದೆ, ಅಷ್ಟೆ. ಬೇಕಾಗಿರುವುದು ಕೆಲಸದಲ್ಲಿರುವವರು ಕೆಲಸ ಬಿಡದೆ ಓದಬಹುದಾದ ಒಂದು ವರ್ಷದ ಡಿಪ್ಲೊಮಾ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದನ್ನು ಆರಂಭಿಸಲಿ. ತಾಲ್ಲೂಕು ಆಸ್ಪತ್ರೆಯ ವೈದ್ಯರು, ಸಮುದಾಯ ಆರೋಗ್ಯ ಅಧಿಕಾರಿಗಳು, ಆಹಾರ ತಜ್ಞರು, ಫಿಸಿಯೋಗಳು ಒಂದೇ ತರಗತಿಯಲ್ಲಿ ಕೂರಲಿ. ಪಠ್ಯದಲ್ಲಿ ಮುದ್ದೆ, ರೊಟ್ಟಿ, ಕುಚ್ಚಲಕ್ಕಿ ಅನ್ನಗಳ ಲೆಕ್ಕವಿರಲಿ. ಪರೀಕ್ಷೆಯ ಅರ್ಧ ಅಂಕ ಕನ್ನಡದಲ್ಲಿ ರೋಗಿಯೊಬ್ಬರ ಜೊತೆ ಕೂತು ನಡೆಸುವ ಇಪ್ಪತ್ತು ನಿಮಿಷದ ಮಾತುಕತೆಗೆ ಮೀಸಲಾಗಲಿ. ಪಾಸಾದವರಿಗೆ ವಾರದಲ್ಲಿ ಎರಡು ಮಧ್ಯಾಹ್ನವನ್ನು ಇದಕ್ಕೆಂದೇ ಬಿಟ್ಟುಕೊಡುವ ಆದೇಶವನ್ನು ಆರೋಗ್ಯ ಇಲಾಖೆ ಹೊರಡಿಸಲಿ. ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ: ಮುಂದಿನ ಸಲ ವೈದ್ಯರು ‘ವಾಕಿಂಗ್ ಮಾಡಿ’ ಎಂದಾಗ ಎಷ್ಟು, ಹೇಗೆ, ಮಾತ್ರೆಯ ಪ್ರಮಾಣವನ್ನು ಯಾವಾಗ ಮತ್ತೆ ನೋಡುತ್ತೀರಿ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.